ಹಳದಿ ಕಲ್ಲಿನ ಮೇಲೆ ನಿಲ್ಲಿಸಿದ ಸೈಕಲ್

ಹೊರಡುವ ಮುನ್ನ, ಶಿಡ್ಲಘಟ್ಟ

ಜಪಾನಿಗೆ ಹೋಗಿ ಬಂದವನು ಬುಲೆಟ್ ರೈಲಿನ ವಿಷಯ ಹೇಳಬೇಕು, ಚೆರ್ರಿ ಹೂವಿನ ವಿಷಯ ಹೇಳಬೇಕು. ನಾನು ಹೋಗುವ ಹೊತ್ತಿಗೆ ಹೂವು ಉದುರಿ ಎಲೆ ಬಂದಿತ್ತು. ಬುಲೆಟ್ ರೈಲು ಒಮ್ಮೆ ದೂರದಲ್ಲಿ ಕಂಡಿತು, ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಹೋಗಿಬಿಟ್ಟಿತು. ಆದ್ದರಿಂದ ನಾನು ಹೇಳುವುದು ಒಂದು ಸೈಕಲ್ಲಿನ ವಿಷಯ. ಅದು ಅರ್ಥವಾಗಬೇಕಾದರೆ ಮೊದಲು ನನ್ನ ಸ್ಕೂಟರಿನ ವಿಷಯ ಹೇಳಬೇಕು.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕೆಲಸಕ್ಕಿದ್ದೆ. ಅದಕ್ಕೆ ಮೊದಲು ಗೌರಿಬಿದನೂರಿನಲ್ಲಿ ಐದು ವರ್ಷ ಕಳೆದಿದ್ದೆ. ಗೂಡಿನ ಮಾರುಕಟ್ಟೆಯ ಬೆಳಗು ನೋಡದವರಿಗೆ ಒಂದು ಮಾತು: ಗೂಡು ಮನೆಯಲ್ಲಿಟ್ಟುಕೊಳ್ಳುವ ಮಾಲಲ್ಲ. ನಾಲ್ಕು ದಿನ ತಡವಾದರೆ ಒಳಗಿನ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ, ನೂಲು ಹಾಳು. ಹಾಗಾಗಿ ಚಿಂತಾಮಣಿ, ಕೈವಾರ, ಪೆರೇಸಂದ್ರದ ಕಡೆಯಿಂದೆಲ್ಲ ಜನ ಒಂದೇ ಉಸಿರಿನಲ್ಲಿ ಬರುತ್ತಾರೆ, ಬಂದವರು ಬಂದಲ್ಲೇ ಗಾಡಿ ಬಿಟ್ಟು ಒಳಗೆ ಓಡುತ್ತಾರೆ. ಮಾರುಕಟ್ಟೆಯ ಮುಂದಿನ ರಸ್ತೆಯಲ್ಲಿ ಆಗ ನಾಯಿ ಸಹ ಅಡ್ಡಡ್ಡ ನಡೆಯಬೇಕು.

ಮಾರುಕಟ್ಟೆಯ ಎದುರಿಗೆ ಒಂದು ಓಣಿ. ಅದರ ಬಾಯಲ್ಲಿ ಒಂದು ಹೊಂಗೆ ಮರ. ನನ್ನ ನೀಲಿ ಸ್ಕೂಟರನ್ನು ದಿನಾ ಆ ಮರದ ಕೆಳಗೆ ಅಡ್ಡಲಾಗಿ ನಿಲ್ಲಿಸಿ, ಹ್ಯಾಂಡಲ್ ಲಾಕ್ ಮಾಡಿ ಹೋಗುತ್ತಿದ್ದೆ. ಕಾರಣ ದೊಡ್ಡದೇನಲ್ಲ, ಮಧ್ಯಾಹ್ನ ಕೂರುವಾಗ ಸೀಟು ಕಾದಿರಬಾರದು. ಓಣಿಯೊಳಗೆ ಹೋಗುವವರು ಪಕ್ಕದಲ್ಲಿ ತೂರಿಕೊಂಡು ಹೋಗುತ್ತಿದ್ದರು. ಯಾರಾದರೂ ಗೊಣಗಿದರೆ, "ಏನಪ್ಪ, ನಿನ್ನ ತಲೆ ಮೇಲೆ ನಿಲ್ಲಿಸಿದೀನಾ?" ಎನ್ನುತ್ತಿದ್ದೆ.

ಆ ಓಣಿಯ ಮೂರನೆಯ ಮನೆ ಬಾಷಾನದು. ನೂಲು ತೆಗೆಯುವ ರೀಲರ್. ಅವನು, ಇಬ್ಬರು ತಮ್ಮಂದಿರು, ತಂದೆ ಹುಸೇನ್ ಸಾಬರು, ತಾಯಿ. ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಆ ತಾಯಿಗೆ ಉಬ್ಬಸ ಏರಿತು. ಚಿಕ್ಕಬಳ್ಳಾಪುರಕ್ಕೆ ಒಯ್ಯಲು ಕಾರು ತರಿಸಿದರು. ಕಾರು ಓಣಿಯ ಬಾಯಿಗೆ ಬಂದು ನಿಂತು ಹಾರನ್ ಹೊಡೆಯಿತು. ನಾನು ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಹಾರನ್ ಕೇಳಿಸಿತು. ಶಿಡ್ಲಘಟ್ಟದಲ್ಲಿ ಹಾರನ್ನಿಗೆ ತಲೆ ಎತ್ತಿದರೆ ಕಾಫಿ ಕುಡಿದ ಹಾಗೇ ಎಂದುಕೊಂಡೆ. ಬಹಳ ಹೊತ್ತಿನ ಮೇಲೆ ಬಗ್ಗಿ ನೋಡಿದರೆ ಬಾಷಾ ಮತ್ತೆ ಇನ್ನಿಬ್ಬರು ನನ್ನ ಸ್ಕೂಟರನ್ನು ಎತ್ತುತ್ತಿದ್ದರು. ಲಾಕ್ ಆದ ಸ್ಕೂಟರು, ಉರುಳುವುದಿಲ್ಲ. ಇಷ್ಟಿಷ್ಟೇ ಎತ್ತಿ ಸರಿಸುತ್ತಿದ್ದರು. ಎದ್ದು ಹೋಗಬೇಕಾಗಿತ್ತು, ಕೀಲಿ ಜೇಬಿನಲ್ಲೇ ಇತ್ತು. ಹೋದರೆ ನಾಲ್ಕು ಜನರ ಮುಂದೆ ಬೈಸಿಕೊಳ್ಳಬೇಕಲ್ಲ ಎಂದು ಲೋಟದೊಳಗೆ ಮುಖ ಇಟ್ಟು ಕೂತೆ.

ಆ ತಾಯಿ ಚಿಕ್ಕಬಳ್ಳಾಪುರ ಮುಟ್ಟಲಿಲ್ಲ. "ಒಂದು ಹತ್ತು ನಿಮಿಷ ಮುಂಚೆ ಬಂದಿದ್ದರೆ" ಎಂದು ಡಾಕ್ಟರು ಅಂದರಂತೆ. ಡಾಕ್ಟರುಗಳು ಎಲ್ಲರಿಗೂ ಅದೇ ಮಾತು ಹೇಳುತ್ತಾರೆ ಎಂದು ನಾನು ಮನಸ್ಸಿನಲ್ಲೇ ವಾದ ಹೂಡಿದೆ. ಮಾರನೆಯ ದಿನವೂ ಸ್ಕೂಟರನ್ನು ಅಲ್ಲೇ ನಿಲ್ಲಿಸಿದೆ. ಇದ್ದಕ್ಕಿದ್ದಂತೆ ಜಾಗ ಬದಲಾಯಿಸಿದರೆ, ಯಾಕೆ ಎಂದು ಯಾರಾದರೂ ಕೇಳಬಹುದು. ಸಂತೆಯಂಥ ಆ ಗಲಾಟೆಯಲ್ಲಿ ನೀಲಿ ಸ್ಕೂಟರು ಹತ್ತಾರು ಇರುತ್ತಿದ್ದವು, ಅದು ಯಾರದು ಎಂದು ಗೊತ್ತಾಗಿರಲಾರದು ಎಂದು ಮೂರು ವರ್ಷ ನಂಬಿಕೊಂಡೆ.

ಆಮೇಲೆ ಜಪಾನಿನಲ್ಲಿ ಆರು ವಾರದ ತರಬೇತಿಗೆ ನಮ್ಮ ಊರಿನಿಂದ ಒಬ್ಬ ನೌಕರ, ಒಬ್ಬ ರೀಲರ್ ಎಂದು ಆಯ್ಕೆಯಾಯಿತು. ನೌಕರ ನಾನು. ರೀಲರ್ ಬಾಷಾ.

ಮದ್ರಾಸಿನಿಂದ ಮೇಲಕ್ಕೆ

ಮದ್ರಾಸಿನಲ್ಲಿ ವಿಮಾನ ಹತ್ತಿದೆವು. ಬಾಷಾ ಕಿಟಕಿಯ ಪಕ್ಕ, ನಾನು ನಡುವೆ. ಅವನಿಗೆ ಮೂವತ್ತೈದು, ನನಗಿಂತ ಎಂಟು ವರ್ಷ ಚಿಕ್ಕವನು. ಮಾತು ಕಡಿಮೆ, ಆಡಿದರೆ ಚುಟುಕು. ಊಟದ ತಟ್ಟೆ ಬಂದಾಗ ಮುಚ್ಚಳ ತೆಗೆದು ನೋಡಿ, "ಸಾರ್, ಇದು ತಿನ್ನೋದಾ, ಕೈ ಒರೆಸ್ಕೊಳ್ಳೋದಾ?" ಎಂದ. ನಾನು ನಕ್ಕೆ. ಆರು ವಾರ ಹೀಗೇ ನಗುತ್ತ ಕಳೆದುಬಿಟ್ಟರೆ ಸಾಕು ಎಂದು ಕಾಣದ ದೇವರಿಗೆ ಕೈ ಮುಗಿದೆ.

ವಿಮಾನ ಮಧ್ಯದಲ್ಲಿ ಸಿಂಗಪುರಕ್ಕೆ ಇಳಿಯಿತು. ಗಾಲಿ ನೆಲಕ್ಕೆ ತಾಗಿದ್ದೇ ತಡ, ನಮ್ಮವರೆಲ್ಲ ಎದ್ದು ನಿಂತರು. ಗಗನಸಖಿ ಬೇಡಿಕೊಂಡಳು, ಯಾರೂ ಕೂರಲಿಲ್ಲ. ಮೇಲಿನಿಂದ ಒಂದು ಸೂಟ್‌ಕೇಸು ಒಬ್ಬ ಮುದುಕನ ಭುಜದ ಮೇಲೆ ಬಿತ್ತು, ಇಳಿಸಿದವನು "ನೋಡ್ಕೊಂಡು ಕೂತ್ಕೊಳ್ಳಿ" ಎಂದು ಮುದುಕನನ್ನೇ ಗದರಿಸಿದ. ಎದ್ದು ನಿಂತವರಲ್ಲಿ ನಾನೂ ಇದ್ದೆ. ಬಾಷಾ ಬೆಲ್ಟು ಹಾಕಿಕೊಂಡೇ ಕೂತಿದ್ದ. "ಎಲ್ಲಿಗೆ ಸಾರ್ ಅರ್ಜೆಂಟು? ಬಾಗ್ಲು ಇನ್ನೂ ತೆಗೆದಿಲ್ಲ."

ಟೋಕಿಯೋ, ಟವೆಲ್ ಪ್ರಸಂಗ

ನಮ್ಮ ತರಬೇತಿ ಇದ್ದದ್ದು ಟೋಕಿಯೋದಲ್ಲಲ್ಲ, ಅಲ್ಲಿಂದ ರೈಲಿನಲ್ಲಿ ಮೂರು ಗಂಟೆ ದೂರದ, ಬೆಟ್ಟದ ನಡುವಿನ ಒಂದು ಸಣ್ಣ ಊರಿನಲ್ಲಿ. ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ಗೆರೆ ಎಳೆದಿದ್ದರು, ಜನ ಆ ಗೆರೆಯ ಹಿಂದೆ ಒಬ್ಬರ ಬೆನ್ನಿಗೊಬ್ಬರು ನಿಂತಿದ್ದರು. ಬಾಷಾ ಹೋಗಿ ಬಾಲದಲ್ಲಿ ನಿಂತ. ನಾನು ಸಾಲಿನ ಪಕ್ಕದಲ್ಲೇ ಮುಂದಕ್ಕೆ ಸರಿದೆ. ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಇಪ್ಪತ್ತು ವರ್ಷ ಪಳಗಿದ ಮೈ ಇದು. ಚಿಂತಾಮಣಿ ಬಸ್ಸು ತಿರುಗುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದರಲ್ಲಿ ನನ್ನ ಗುರಿ ತಪ್ಪಿದ್ದಿಲ್ಲ. ಟವೆಲ್ ಬಿದ್ದ ಸೀಟು ಹಾಕಿದವನದು, ಅದು ನಮ್ಮ ಕಡೆಯ ಕಾನೂನು. ಗರ್ಭಿಣಿ ಬಂದರೂ ಟವೆಲ್ ಏಳುವುದಿಲ್ಲ.

ರೈಲು ಬಂತು. ಕಿಟಕಿಗಳಿಗೆ ಗಾಜು ಬಡಿದಿತ್ತು. ಇಳಿಯುವವರ ನಡುವೆ ನುಗ್ಗಿ ಒಳಗೆ ಹೋದೆ, ಒಳ್ಳೆಯ ಎರಡು ಸೀಟು ನೋಡಿ ನನ್ನ ಚೌಕಳಿ ಟವೆಲನ್ನು ಉದ್ದಕ್ಕೆ ಹಾಸಿದೆ, ಪೆಟ್ಟಿಗೆ ತರಲು ಕೆಳಗೆ ಬಂದೆ. ಪೆಟ್ಟಿಗೆ ಹೊತ್ತು ಮೇಲೆ ಹೋದಾಗ ಸೀಟಿನಲ್ಲಿ ಒಬ್ಬ ಅಜ್ಜಿ ಮತ್ತು ಅವಳ ಮಗಳು ಕೂತಿದ್ದರು. ಟವೆಲ್ ಇಲ್ಲ. ನಾನು ಸೀಟು ತೋರಿಸಿ, ಎದೆ ಮುಟ್ಟಿಕೊಂಡು, ಕನ್ನಡದಲ್ಲೇ ಜೋರು ಮಾಡಿದೆ. ಅಜ್ಜಿ ಗಾಬರಿಯಾಗಿ ಕೈ ತೋರಿಸಿದಳು. ಡಬ್ಬಿಯ ಆ ಕೊನೆಯಲ್ಲಿ ಬಿಳಿ ಕೈಗವಸಿನ ಕಂಡಕ್ಟರು ನನ್ನ ಟವೆಲನ್ನು ಅಚ್ಚುಕಟ್ಟಾಗಿ ಮಡಿಸಿ, ಎರಡೂ ಕೈಯಲ್ಲಿ ಹಿಡಿದು, ಒಬ್ಬೊಬ್ಬರನ್ನೇ ವಿಚಾರಿಸುತ್ತ ಬರುತ್ತಿದ್ದ. ಪಾಪ, ಯಾರೋ ಕಳೆದುಕೊಂಡಿದ್ದಾರೆ ಎಂದು ಅಜ್ಜಿ ಅದನ್ನು ಒಪ್ಪಿಸಿದ್ದಳು.

ನನ್ನದೆಂದು ಒಪ್ಪಿಕೊಂಡೆ. ಕಂಡಕ್ಟರು ಬಗ್ಗಿ ಕೊಟ್ಟ, ಅಜ್ಜಿ ಕೂತಲ್ಲಿಂದಲೇ ಬಗ್ಗಿ ಸಂತೋಷಪಟ್ಟಳು, ಸುತ್ತಲಿನ ನಾಲ್ಕು ಜನಕ್ಕೂ ಸಮಾಧಾನವಾಯಿತು. ಅಷ್ಟು ಮರ್ಯಾದೆಯಿಂದ ನನ್ನ ಮಾನ ಯಾರೂ ಕಳೆದಿರಲಿಲ್ಲ. ಸಾಲಿನಲ್ಲಿ ಬಂದ ಬಾಷಾನಿಗೆ ಮುಂದುಗಡೆ ಒಂಟಿ ಸೀಟು ಸಿಕ್ಕಿತ್ತು. ನಾನು ಒಂದೂವರೆ ಗಂಟೆ ಟವೆಲ್ ಹೆಗಲಿಗೆ ಹಾಕಿಕೊಂಡು ನಿಂತೆ. ಅಲ್ಲಿಂದಾಚೆಗೆ ಬಾಷಾ ಎದ್ದು ಬಂದು ಕೂರಿಸಿದ.

"ನಿಮಗೆ ಮಾತ್ರ ವೀಸಾ ಕೊಟ್ಟಿರೋದು ಸಾರ್," ಎಂದ. "ಟವೆಲ್‌ಗೆ ಕೊಟ್ಟಿಲ್ಲ."

ಸರೋವರದ ಊರು

ಆ ಊರಿಗೆ ಒಂದು ಸರೋವರ, ಅದರ ಸುತ್ತ ಹಿಂದೆ ನೂರಾರು ರೇಷ್ಮೆ ಕಾರ್ಖಾನೆಗಳಿದ್ದವಂತೆ. ಈಗ ಉಳಿದಿದ್ದವು ಬೆರಳೆಣಿಕೆ. ಮೊದಲ ದಿನ ಕಾರ್ಖಾನೆಯ ಬಾಗಿಲು ತೆರೆದಾಗ ಬೆಂದ ಹುಳುವಿನ ವಾಸನೆ ಮೂಗಿಗೆ ಬಡಿಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸಾವಿರಾರು ಮೈಲಿ ಬಂದು ಅದೇ ಶಿಡ್ಲಘಟ್ಟದ ನಾತ. ನನಗೆ ನಿಜವಾಗಿ ಕಣ್ಣು ತೇವವಾಯಿತು.

ಆದರೆ ಹೊರಗೆ ಬಂದರೆ ವಾಸನೆ ಇಲ್ಲ. ನಮ್ಮಲ್ಲಿ ಗೂಡು ಬೇಯಿಸಿದ ನೀರು ನೇರ ಬೀದಿಯ ಚರಂಡಿಗೆ, ಅಲ್ಲಿಂದ ಮಕ್ಕಳು ಸ್ಕೂಲಿಗೆ ಹೋಗುವ ದಾರಿಗೆ. ಇಲ್ಲಿ ಆ ನೀರು ತೊಟ್ಟಿಯಿಂದ ತೊಟ್ಟಿಗೆ ಇಳಿದು, ತಿಳಿಯಾದ ಮೇಲೆ ಹೊರಗೆ ಹೋಗುತ್ತಿತ್ತು. ನಮಗೆ ಕಲಿಸುತ್ತಿದ್ದ ಸಾತೋ ಎಂಬ ವಯಸ್ಸಾದ ಹೆಂಗಸು ನೂಲಿನ ಎಳೆ ಕೂಡಿಸುವುದನ್ನು ತೋರಿಸುವ ಮೊದಲು ಈ ತೊಟ್ಟಿಗಳನ್ನೇ ತೋರಿಸಿದಳು. ಬಾಷಾ ಬಹಳ ಹೊತ್ತು ಬಗ್ಗಿ ನೋಡಿದ.

"ನಮ್ಮನೆ ನೀರು ಮೂವತ್ತು ವರ್ಷದಿಂದ ಪಕ್ಕದ್ಮನೆ ಬಾಗ್ಲಿಗೆ ಬಿಡ್ತಿದೀವಿ ಸಾರ್. ಅವರು ಬಂದು ಕೇಳಿದ್ರೆ ನಾವೇ ಜಗಳಕ್ಕೆ ಹೋಗೋದು."

"ಎಲ್ರೂ ಬಿಡ್ತಾರಲ್ಲಪ್ಪ," ಎಂದೆ.

"ಹೂಂ. ನಾವು ನೀರು ಬಿಡ್ತೀವಿ, ಇನ್ನೊಬ್ರು ಗಾಡಿ ಬಿಡ್ತಾರೆ," ಎಂದು ಹೇಳಿ ಕೈ ಒರೆಸಿಕೊಳ್ಳುತ್ತ ಒಳಗೆ ಹೋದ. ಆ ಮಾತು ಬೇಕೆಂದೇ ಆಡಿದ್ದೋ, ಸುಮ್ಮನೆ ಬಂದದ್ದೋ ತಿಳಿಯಲಿಲ್ಲ. ಆವತ್ತು ನನಗೆ ಎಳೆ ಕೂಡಿಸಲು ಬರಲೇ ಇಲ್ಲ, ಸಾತೋ ಅಮ್ಮ ಮೂರು ಸಲ ಬಿಚ್ಚಿ ಕೊಟ್ಟಳು.

ನಾವಿದ್ದದ್ದು ಒಂದೇ ಕೋಣೆಯಲ್ಲಿ, ನೆಲದ ಮೇಲಿನ ಎರಡು ಹಾಸಿಗೆಗಳಲ್ಲಿ. ಅವನು ನಮಾಜು ಮಾಡುವಾಗ ನಾನು ಸ್ನಾನಕ್ಕೆ ಹೋಗುತ್ತಿದ್ದೆ. ತಾಯಿಯ ಮಾತು ಅವನು ಎತ್ತಲಿಲ್ಲ. ಎತ್ತದೆ ಇದ್ದದ್ದೇ ಒಂದು ಭಾರವಾಯಿತು. ಓಣಿ, ಕಾರು, ಹಾರನ್ ಎಂಬ ಪದ ಯಾವ ಮಾತಿನಲ್ಲಿ ಬಂದರೂ ನಾನು ತಕ್ಷಣ ಹವೆಯ ವಿಷಯ ತೆಗೆಯುತ್ತಿದ್ದೆ. ಜಪಾನಿನ ಹವೆಯ ಬಗ್ಗೆ ನನ್ನಷ್ಟು ಮಾತಾಡಿದ ಕನ್ನಡಿಗ ಇನ್ನೊಬ್ಬನಿರಲಾರ.

ಸ್ಟೇಷನ್ ಮುಂದೆ

ಓಡಾಡಲು ನಮಗೆ ಎರಡು ಸೈಕಲ್ ಕೊಟ್ಟಿದ್ದರು. ಎರಡೂ ಬೂದು ಬಣ್ಣ, ಒಂದೇ ಥರ, ಹಿಂದಿನ ಗಾಲಿಗೆ ಬೀಗ. ನಾಲ್ಕನೆಯ ವಾರ, ಒಂದು ಭಾನುವಾರ ಬೆಳಿಗ್ಗೆ, ಊರಿಗೆ ಕಾಗದ ಹಾಕಲು ಇಬ್ಬರೂ ಸ್ಟೇಷನ್ನಿನ ಹತ್ತಿರ ಹೋದೆವು. ಸೈಕಲ್ ನಿಲ್ಲಿಸುವ ಜಾಗ ಸ್ಟೇಷನ್ನಿನ ಹಿಂದೆ ಇತ್ತು. ಬಾಷಾ ಅಲ್ಲಿಗೆ ಹೋದ. ಎರಡು ನಿಮಿಷದ ಕೆಲಸಕ್ಕೆ ಅಷ್ಟು ದೂರ ಯಾಕೆ ಎಂದು ನಾನು ಮುಂದುಗಡೆಯೇ ಉಳಿದೆ.

ಅಲ್ಲಿ ಕಾಲುದಾರಿಯ ನಡುವೆ ಹಳದಿ ಕಲ್ಲಿನ ಒಂದು ಪಟ್ಟಿ ಹೋಗಿತ್ತು. ಕಲ್ಲಿನ ಮೇಲೆ ಉದ್ದುದ್ದ ಉಬ್ಬುಗೆರೆ. ಊರಿಗೆ ಬಂದಾಗಿನಿಂದ ನೋಡುತ್ತಲೇ ಇದ್ದೆ. ನಮ್ಮೂರ ದನದ ಆಸ್ಪತ್ರೆಯ ಇಳಿಜಾರಿನಲ್ಲಿ ಗೊರಸು ಜಾರದಿರಲಿ ಎಂದು ಸಿಮೆಂಟಿಗೆ ಹೀಗೇ ಗೀರು ಹಾಕಿರುತ್ತಾರೆ. ಇದು ಸೈಕಲ್ ಸ್ಟ್ಯಾಂಡು ಜಾರದಿರಲಿ ಎಂದು ಮಾಡಿದ್ದಿರಬೇಕು ಎಂದು ನನ್ನ ಬುದ್ಧಿ ಹೇಳಿತು. ಮೇಲೆ ಒಂದು ಮರದ ನೆರಳೂ ಇತ್ತು. ಗೆರೆಗೆ ಸ್ಟ್ಯಾಂಡು ಸರಿಯಾಗಿ ಕೂತಿತು, ಬೀಗ ಹಾಕಿ ಎದುರಿನ ಅಂಚೆ ಡಬ್ಬಿಗೆ ಹೋದೆ.

ಕಾಗದ ಹಾಕಿ ತಿರುಗಿದಾಗ ಒಬ್ಬ ಮನುಷ್ಯ ಆ ಹಳದಿ ಪಟ್ಟಿಯ ಮೇಲೇ ನಡೆದು ಬರುತ್ತಿದ್ದ. ಐವತ್ತು ದಾಟಿದವನು, ಕೋಟು ಹಾಕಿದ್ದ. ಕೈಯಲ್ಲಿ ಬಿಳಿ ಕೋಲು. ಕೋಲು ಉಬ್ಬುಗೆರೆ ಸವರುತ್ತ ಬರುತ್ತಿತ್ತು, ಅವನು ಬೀಸಾಗಿ ನಡೆಯುತ್ತಿದ್ದ. ಅಷ್ಟು ನಂಬಿಕೆಯಿಂದ ರಸ್ತೆಯಲ್ಲಿ ನಡೆಯುವ ಕುರುಡನನ್ನು ನಾನು ಯಾವತ್ತೂ ಕಂಡಿರಲಿಲ್ಲ. ಹಳದಿ ಕಲ್ಲು ಯಾತಕ್ಕೆ ಎಂದು ನನಗೆ ಹೊಳೆದದ್ದು ಆ ಕ್ಷಣದಲ್ಲಿ. ಕೂಗಬೇಕಾಗಿತ್ತು. ಅವನ ಭಾಷೆ ಬರದಿದ್ದರೇನು, ಯಾವ ಭಾಷೆಯಲ್ಲಿ ಕೂಗಿದ್ದರೂ ನಿಲ್ಲುತ್ತಿದ್ದ. ಬಾಯಿ ಬರಲಿಲ್ಲ.

ಕೋಲು ಗಾಲಿಯೊಳಗೆ ಸಿಕ್ಕಿತು. ಅವನು ಸೈಕಲ್ಲಿನ ಮೇಲೆ ಮುಗ್ಗರಿಸಿ, ಸೈಕಲ್ಲಿನ ಸಮೇತ ಬಿದ್ದ. ಅಂಗೈ ಕಿತ್ತು ರಕ್ತ ಬಂತು. ಬಿದ್ದಲ್ಲಿಂದಲೇ ಅವನು ಯಾರಿಗೋ ಬಗ್ಗಿ ಬಗ್ಗಿ ಕ್ಷಮೆ ಕೇಳುತ್ತಿದ್ದ. ಸೈಕಲ್ಲಿನ ಹತ್ತಿರ ಅದರ ಯಜಮಾನ ಇರಬಹುದು, ಅವನಿಗೆ ಹಾಯ್ದುಬಿಟ್ಟೆ ಎಂದುಕೊಂಡಿದ್ದ.

ಏಳೆಂಟು ಜನ ಸೇರಿದರು. "ಯಾವನೋ ಇದು ಗಾಡಿ ಬಿಟ್ಟೋನು?" ಎಂದು ಒಬ್ಬರಾದರೂ ಕೂಗಲಿಲ್ಲ. ಕೂಗಿದ್ದರೆ ನನಗೆ ದಾರಿ ಗೊತ್ತಿತ್ತು, ತಿರುಗಿ ನಾನೂ ಕೂಗುತ್ತಿದ್ದೆ. ಅವರು ಸುಮ್ಮನೆ ಅವನನ್ನು ಎಬ್ಬಿಸಿದರು, ಕೋಲು ಹುಡುಕಿ ಕೊಟ್ಟರು. ನಾನು ಅಂಚೆ ಡಬ್ಬಿಯ ಪಕ್ಕ ನಿಂತು ಅದರ ಮೇಲಿನ ಬರಹ ಓದುತ್ತಿದ್ದೆ. ಜಪಾನಿ ನನಗೆ ಒಂದಕ್ಷರ ಬರುವುದಿಲ್ಲ.

ಅಷ್ಟರಲ್ಲಿ ಸ್ಟೇಷನ್ನಿನ ಹಿಂದಿನಿಂದ ಬಾಷಾ ಬಂದ. ಬಿದ್ದ ಸೈಕಲ್ ನೋಡಿದ, ದೂರದಲ್ಲಿ ನಿಂತ ನನ್ನನ್ನು ನೋಡಿದ. ಜನರ ನಡುವೆ ಹೋಗಿ ಎದೆಯ ಮೇಲೆ ಕೈ ಇಟ್ಟು, "ಮೈ ಸೈಕಲ್. ಸಾರಿ. ಮೈ ಸೈಕಲ್," ಎಂದ. ತನ್ನ ಕರವಸ್ತ್ರ ತೆಗೆದು ಆ ಮನುಷ್ಯನ ಕೈಗೆ ಕಟ್ಟಿದ. ಬೀಗ ಹಾಕಿದ್ದ ಸೈಕಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಸ್ಟೇಷನ್ನಿನ ಹಿಂದಕ್ಕೆ ನಡೆದ. ಕೀಲಿ ನನ್ನ ಜೇಬಿನಲ್ಲಿತ್ತು.

ಅವನು ತಿರುಗಿ ಬಂದಾಗ ಸ್ಟೇಷನ್ನಿನವನೊಬ್ಬ ಕಣ್ಣು ಮುಚ್ಚಿಕೊಂಡು ಹಳದಿ ಕಲ್ಲಿನ ಮೇಲೆ ನಾಲ್ಕು ಹೆಜ್ಜೆ ನಡೆದು ಬಾಷಾನಿಗೆ ತೋರಿಸಿದ. ಬೈಯಲಿಲ್ಲ, ಕಲಿಸಿದ. ಬಾಷಾ ತಲೆ ತಗ್ಗಿಸಿ ನನ್ನ ಪಾಠ ತಾನು ಕೇಳಿಸಿಕೊಂಡ.

ಕೋಣೆಗೆ ಬಂದೆವು. ಬಂದ ಮೇಲೆ ಅವನು ಚಾಪೆಯ ಮೇಲೆ ಕೂತು ಕೈ ನೋಡಿಕೊಂಡ.

"ಇದು ಹಗುರ ಸಾರ್," ಎಂದ. "ಸ್ಕೂಟರ್ ಭಾರ ಇತ್ತು."

ನಾನು ಹವೆಯ ಮಾತು ತೆಗೆಯಲಿಲ್ಲ.

"ನಂಬರ್ ನೋಡಿದ್ದೆ ನಾನು. ತಮ್ಮಂದಿರು ಯಾರ್ದು ಯಾರ್ದು ಅಂತ ಕುಣಿತಿದ್ರು. ಪೆರೇಸಂದ್ರದ ಕಡೆಯೋನು ಯಾವನೋ, ಗೂಡು ತಂದಿದ್ದ, ಹೊಂಟೋದ ಅಂದೆ. ಗೊತ್ತಾಗಿದ್ರೆ ನಿಮ್ಮನ್ನ ಬಿಡ್ತಿರ್ಲಿಲ್ಲ. ಹೊಡೆದ್ರೆ ಅಮ್ಮಿ ಎದ್ದು ಬರ್ತಾಳಾ? ಅದಕ್ಕೆ ಸುಮ್ಕಾದೆ. ನೀವೇ ಬಂದು ಒಂದ್ಮಾತು ಹೇಳ್ತೀರ ಅಂತ ಕಾದೆ. ಬರ್ಲಿಲ್ಲ."

"ಬಾಷಾ..." ಎಂದೆ.

"ನಂಗೆ ಹೇಳ್ಬೇಡಿ. ಎರಡು ಸಲ ಸುಳ್ಳು ಹೇಳಿದೀನಿ ನಿಮಗೋಸ್ಕರ, ಅಲ್ಲೊಂದು, ಇಲ್ಲೊಂದು. ಮೂರ್ನೇದು ನನ್ನ ಕೈಲಾಗಲ್ಲ. ಊರಿಗೆ ಹೋದ್ಮೇಲೆ ಅಬ್ಬಾಗೆ ನೀವೇ ಹೇಳಿ. ಅಷ್ಟೇ ನಾನು ಕೇಳೋದು."

ಹೇಳುತ್ತೇನೆ ಎಂದೆ. ಅವನು ನಂಬಿದ ಹಾಗೆ ಕಾಣಲಿಲ್ಲ.

ಉಳಿದ ದಿನಗಳು

ಆಮೇಲಿನ ಎರಡು ವಾರ ಸಂಜೆ ಕೆಲಸ ಮುಗಿದ ಮೇಲೆ ಆ ಹಳದಿ ಕಲ್ಲಿನ ಮೇಲೆ ನಡೆಯುತ್ತಿದ್ದೆ. ಕೆಲವು ಸಲ ಕಣ್ಣು ಮುಚ್ಚಿಕೊಂಡೂ ನಡೆದೆ. ಹತ್ತು ಹೆಜ್ಜೆಗೆ ಹೆದರಿಕೆ ಹತ್ತಿ ಕಣ್ಣು ಬಿಡುತ್ತಿದ್ದೆ. ಅಷ್ಟು ದಿನದಲ್ಲಿ ಆ ಕಲ್ಲಿನ ಮೇಲೆ ಒಂದು ಚೀಲವಾಗಲಿ, ಬುಟ್ಟಿಯಾಗಲಿ ಕಾಣಲಿಲ್ಲ. ಜಪಾನಿನವರೆಲ್ಲ ದೇವರು ಎಂದು ಹೇಳಲಾರೆ. ಅವರಲ್ಲೂ ಕುಡಿದು ಬೀದಿಯಲ್ಲಿ ವಾಂತಿ ಮಾಡುವವರಿದ್ದರು, ರೈಲಿನಲ್ಲಿ ಮುದುಕಿ ನಿಂತರೆ ನಿದ್ದೆ ನಟಿಸುವ ಹುಡುಗರಿದ್ದರು. ಆದರೆ ಕಾಣದೇ ಬರುವವನೊಬ್ಬ ಇರಬಹುದು ಎಂದು ದಾರಿ ಬಿಟ್ಟಿದ್ದರು. ನಮ್ಮಲ್ಲಿ ಕಣ್ಣೆದುರು ಹಾರನ್ ಹೊಡೆಯುತ್ತ ನಿಂತವನಿಗೂ ನಾನು ಬಿಟ್ಟಿರಲಿಲ್ಲ.

ಬಿದ್ದವನು ಮತ್ತೆ ಕಾಣಿಸಲಿಲ್ಲ. ಕಂಡಿದ್ದರೆ ಹೋಗಿ ಕೈ ಹಿಡಿಯುತ್ತಿದ್ದೆ ಎಂದು ಈಗ ಬರೆಯುವುದು ಸುಲಭ. ನನಗೆ ನನ್ನ ಬಗ್ಗೆ ಅಷ್ಟು ಭರವಸೆ ಉಳಿದಿಲ್ಲ.

ಮತ್ತೆ ಹೊಂಗೆ ಮರ

ಬೆಂಗಳೂರಿನಲ್ಲಿ ಶಿಡ್ಲಘಟ್ಟದ ಬಸ್ಸು ಹತ್ತಿದಾಗ ಖಾಲಿ ಸೀಟಿನ ಮೇಲೆಲ್ಲ ಟವೆಲು, ಪೇಪರು, ಒಂದು ಕಡೆ ಒಂಟಿ ಚಪ್ಪಲಿ. ಬಾಷಾ ನನ್ನ ಕಡೆ ನೋಡಿ ಮೊದಲ ಸಲ ನಕ್ಕ. ಇಬ್ಬರೂ ನಿಂತೇ ಬಂದೆವು.

ಎರಡು ದಿನ ಸುಸ್ತು ಎಂದು ಮನೆಯಲ್ಲಿ ಕೂತೆ. ಮೂರನೆಯ ದಿನ ಸ್ಕೂಟರು ತೆಗೆದುಕೊಂಡು ಮಾರುಕಟ್ಟೆಗೆ ಹೋದೆ. ಹೊಂಗೆ ನೆರಳು ಖಾಲಿ ಇತ್ತು. ದೂರದ ಬಿಸಿಲಿನಲ್ಲಿ ಗಾಡಿ ನಿಲ್ಲಿಸಿ ಓಣಿಯೊಳಗೆ ನಡೆದೆ.

ಹುಸೇನ್ ಸಾಬರು ಜಗಲಿಯ ಮೇಲೆ ಕೂತಿದ್ದರು. ಎಪ್ಪತ್ತರ ಮೇಲಾಗಿತ್ತು, ಕಣ್ಣು ಮಾತ್ರ ಚುರುಕು. ಬಾಷಾ ಒಳಬಾಗಿಲಲ್ಲಿ ನಿಂತಿದ್ದ, ಮುಂದೆ ಬರಲಿಲ್ಲ.

"ಬಾಪ್ಪ, ಕೂತ್ಕೊ. ಜಪಾನ್ ಎಂಗಿತ್ತು?" ಎಂದರು ಸಾಬರು.

ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಸ್ಕೂಟರು ನನ್ನದು, ಹೋಟೆಲಿನಲ್ಲಿದ್ದೆ, ಹಾರನ್ ಕೇಳಿಸಿತ್ತು, ಕೀಲಿ ಜೇಬಿನಲ್ಲಿತ್ತು. ಕ್ಷಮಿಸಿ ಎಂದೆ.

ಸಾಬರು ಓಣಿಯ ಬಾಯಿಯ ಕಡೆ ನೋಡುತ್ತಿದ್ದರು.

"ನಂಗೊತ್ತಿತ್ತಪ್ಪ," ಎಂದರು. "ಇಲ್ಲಿಂದ ಆ ಮರ ಕಾಣಲ್ವಾ? ದಿನಾ ನೀನು ನಿಲ್ಸೋದು ನೋಡ್ತಿದ್ದೋನು ನಾನು. ಮಗ ಪೆರೇಸಂದ್ರದೋನು ಅಂದ, ನಾನೂ ಹೂಂ ಅಂದೆ."

ಬಾಗಿಲಲ್ಲಿದ್ದ ಬಾಷಾ ತಲೆ ಎತ್ತಿದ. ಅವನಿಗೂ ಇದು ತಿಳಿದಿರಲಿಲ್ಲ.

"ಅವತ್ತಿಂದು ನಾನು ಮನಸ್ನಲ್ಲಿ ಇಟ್ಕೊಂಡಿಲ್ಲ. ನಮ್ಮೋಳಿಗೆ ಉಬ್ಬಸ ಬರತ್ತೆ ಅಂತ ನಿಂಗೇನು ಕನಸು ಬಿದ್ದಿತ್ತಾ? ಅವಳ ದಿನ ಮುಗಿದಿತ್ತೋ ಏನೋ, ಅಲ್ಲಾಗೆ ಗೊತ್ತು." ಜಗಲಿ ತಟ್ಟಿ ತೋರಿಸಿದರು. "ಮಾರ್ನೇ ದಿನ ಬೆಳಗ್ಗೆ ಮಣ್ಣು ಮಾಡಿ ಬಂದು ಇಲ್ಲೇ ಕೂತಿದ್ದೆ. ಕೈಗೆ ಇನ್ನೂ ಮಣ್ಣಿತ್ತು. ನೀನು ಬಂದೆ. ಅಲ್ಲೇ ನಿಲ್ಸಿದೆ. ಲಾಕ್ ಹಾಕ್ದೆ, ಹೋದೆ. ಆವಾಗಿಂದ ದಿನಾ ಬೆಳಗ್ಗೆ ಕೂತ್ಕೊಂಡು, ಇವತ್ತು ನಿಲ್ಸಲ್ಲ, ಇವತ್ತು ನಿಲ್ಸಲ್ಲ ಅಂದ್ಕೊಂತಿದ್ದೆ. ಮೂರು ವರ್ಷ."

ಸಾಬರು ಒಳಗಿನಿಂದ ಟೀ ತರಿಸಿದರು. ಕುಡಿದೆ, ಕುಡಿಯದೆ ಬರುವ ಧೈರ್ಯವೂ ನನಗಿರಲಿಲ್ಲ.

ಬಾಷಾ ಜೊತೆಗೆ ಓಣಿಯ ಬಾಯಿಯವರೆಗೆ ಬಂದ. ಅಷ್ಟರಲ್ಲಿ ಹೊಂಗೆ ನೆರಳಿನಲ್ಲಿ ಒಂದು ಹಸಿರು ಸ್ಕೂಟರು ಅಡ್ಡ ನಿಂತಿತ್ತು. ಹ್ಯಾಂಡಲ್ ಲಾಕ್ ಆಗಿತ್ತು. ಯಾರದೆಂದು ನನಗೆ ಗೊತ್ತಿರಲಿಲ್ಲ.

"ಯಾರ್ದಪ್ಪಾ ಗಾಡಿ?" ಎಂದು ಹೋಟೆಲಿನ ಕಡೆಗೆ ಕೂಗಿದೆ. ಎರಡು ಸಲ ಕೂಗಿದೆ. ಒಳಗೆ ಏಳೆಂಟು ಜನರಿದ್ದರು, ಒಬ್ಬರೂ ಏಳಲಿಲ್ಲ. ಮೂಲೆಯಲ್ಲಿ ಒಬ್ಬ ಲೋಟದೊಳಗೆ ಮುಖ ಇಟ್ಟು ಕೂತಿದ್ದ.

"ಹಿಡೀರಿ ಸಾರ್, ಆ ಕಡೆ," ಎಂದ ಬಾಷಾ.

ನಾನು ಹಿಂದಿನ ಗಾಲಿಯ ಕಡೆ ಹಿಡಿದೆ. ಒಮ್ಮೆಗೆ ಆಗಲಿಲ್ಲ, ಇಷ್ಟಿಷ್ಟೇ ಎತ್ತಿ ಸರಿಸಬೇಕಾಯಿತು. ಅಷ್ಟು ವರ್ಷ ಸ್ಕೂಟರು ಓಡಿಸಿದ್ದೆ, ಎತ್ತಿರಲಿಲ್ಲ. ಬಾಷಾ ಹೇಳಿದ್ದು ನಿಜ, ತುಂಬ ಭಾರ.